ಕುಡಿಯುವ ನೀರಿನ ಬ್ಯಾಕ್ಟೀರಿಯಾ ಮಾಲಿನ್ಯ

ಕುಡಿಯುವ ನೀರಿನಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳಾಗಲಿ, ಅವು ಇರಬಹುದೆಂದು ಸೂಚಿಸುವ ಕರುಳಿನ ಬ್ಯಾಕ್ಟೀರಿಯಾಗಳಾಗಲಿ ಸೇರಿಕೊಂಡ ಸ್ಥಿತಿ. ನೀರಿನಲ್ಲಿ ಬ್ಯಾಕ್ಟೀರಿಯಾ ಇರುವುದೇ ದೋಷವೇನಲ್ಲ. ಕೆರೆ, ಹೊಳೆ, ಬಾವಿ, ಒರತೆ ಯಾವುದನ್ನು ತೆಗೆದುಕೊಂಡರೂ ಮಣ್ಣಿನ, ಕೊಳೆತ ಎಲೆಯ, ನೀರಿನದೇ ಆದ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಬಹುಪಾಲು ಆರೋಗ್ಯವಂತರಿಗೆ ಏನೂ ಮಾಡುವುದಿಲ್ಲ. ಅಪಾಯವಿರುವುದು ಮನುಷ್ಯರ ಮತ್ತು ಬಿಸಿರಕ್ತದ ಪ್ರಾಣಿಗಳ ಮಲದಿಂದ ಬಂದವುಗಳಲ್ಲಿ. ಹೀಗಾಗಿ ಈ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮಲ ಎಲ್ಲಿ, ಯಾವ ದಾರಿಯಾಗಿ ಕುಡಿಯುವ ನೀರನ್ನು ಮುಟ್ಟಿತು? ಇದನ್ನು ಕೇಳಲು ಮುಜುಗರಪಡುವ ಊರಿಗೆ ವಾಂತಿಭೇದಿ ಮರಳಿ ಮರಳಿ ಬರುತ್ತದೆ.

ಕಣ್ಣು, ಮೂಗು, ನಾಲಿಗೆ ಮೂರೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದು ಲೋಟ ನೀರಿನಲ್ಲಿ ಲಕ್ಷ ಬ್ಯಾಕ್ಟೀರಿಯಾಗಳಿದ್ದರೂ ನೀರು ತಿಳಿಯಾಗಿಯೇ ಕಾಣುತ್ತದೆ, ರುಚಿ ಕೆಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ ಕನಿಷ್ಠ 170 ಕೋಟಿ ಜನ ಕುಡಿಯಲು ಬಳಸುತ್ತಿದ್ದ ನೀರಿನ ಮೂಲಗಳು ಮಲದಿಂದ ಮಲಿನವಾಗಿದ್ದವು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಯಾವ 100 ಮಿಲಿಲೀಟರ್ ಮಾದರಿಯಲ್ಲೂ ಇ. ಕೋಲಿ ಪತ್ತೆಯಾಗಬಾರದು. ಫ್ಲೋರೈಡ್, ನೈಟ್ರೇಟ್‌ಗಳಿಗೆ ಇಷ್ಟರವರೆಗೆ ಇರಬಹುದೆಂಬ ಮಿತಿ ಉಂಟು. ಇ. ಕೋಲಿಗೆ ಆ ರಿಯಾಯಿತಿ ಇಲ್ಲ.

ಮುಖ್ಯ ಬ್ಯಾಕ್ಟೀರಿಯಾಗಳು

ನೀರಿನ ಮೂಲಕ ಹರಡುವ ಬ್ಯಾಕ್ಟೀರಿಯಾ ರೋಗಗಳಲ್ಲಿ ಕಾಲರಾ, ಟೈಫಾಯ್ಡ್ (ವಿಷಮಶೀತ ಜ್ವರ), ರಕ್ತಭೇದಿ ಮತ್ತು ಮಕ್ಕಳ ಅತಿಸಾರ ಮುಖ್ಯವಾದವು. ಕಾಲರಾಕ್ಕೆ ಕಾರಣವಾದ ವಿಬ್ರಿಯೋ ಕಾಲರೆ ಸಣ್ಣ ಕರುಳಿನಲ್ಲಿ ಬೀಡುಬಿಟ್ಟು ವಿಷವೊಂದನ್ನು ಸ್ರವಿಸುತ್ತದೆ. ಆ ವಿಷದ ಹೊಡೆತಕ್ಕೆ ಕರುಳಿನ ಗೋಡೆ ನೀರನ್ನು ಹೀರಿಕೊಳ್ಳುವ ಬದಲು ಹೊರಚೆಲ್ಲತೊಡಗುತ್ತದೆ. ತೀವ್ರ ಪ್ರಕರಣಗಳಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ದೇಹದಿಂದ ಹೋಗಬಹುದು. ಬೆಳಿಗ್ಗೆ ಗಟ್ಟಿಯಾಗಿದ್ದವರು ಸಂಜೆಗೆ ಇಲ್ಲವಾಗುವುದು ಹೀಗೆ. ಈ ವಿಷವನ್ನು 1959ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. ಅವರ ಕೆಲಸದ ಮಹತ್ವ ನಮ್ಮ ದೇಶದಲ್ಲೇ ಬಹುಕಾಲ ಗುರುತಾಗದೆ ಉಳಿದದ್ದು ವಿಷಾದದ ಸಂಗತಿ.

ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿಗೆ ಮನುಷ್ಯನನ್ನು ಬಿಟ್ಟರೆ ಬೇರೆ ಆಸರೆಯಿಲ್ಲ. ಜ್ವರ ವಾಸಿಯಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ಅದು ವರ್ಷಗಟ್ಟಲೆ ಉಳಿದು ಮಲದಲ್ಲಿ ಹೊರಬೀಳುತ್ತಿರುತ್ತದೆ. ರಕ್ತಭೇದಿಯ ಶಿಗೆಲ್ಲಾ ಕೂಡ ಬಹುಮಟ್ಟಿಗೆ ಮನುಷ್ಯರದೇ. ಕ್ಯಾಂಪಿಲೋಬ್ಯಾಕ್ಟರ್ ಕೋಳಿ, ದನಗಳಿಂದ ಬರುತ್ತದೆ. ಇ. ಕೋಲಿಯ ಬಹುತೇಕ ತಳಿಗಳು ನಮ್ಮ ಕರುಳಿನ ಸಾಧು ನಿವಾಸಿಗಳಾದರೂ ದನಗಳ ಕರುಳಿನಲ್ಲಿರುವ ಓ157:ಎಚ್7 ಎಂಬ ತಳಿ ಮಕ್ಕಳ ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ರೋಗ ಹತ್ತಲು ಎಷ್ಟು ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಬೇಕೆಂಬ ಲೆಕ್ಕದಲ್ಲಿ ಇವುಗಳ ನಡುವೆ ಭಾರಿ ವ್ಯತ್ಯಾಸವಿದೆ. ಶಿಗೆಲ್ಲಾ 10ರಿಂದ 100 ಇದ್ದರೂ ಸಾಕು. ಜಠರದ ಆಮ್ಲ ಸರಿಯಾಗಿರುವ ವಯಸ್ಕರಿಗೆ ಕಾಲರಾ ತಗಲಬೇಕಾದರೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ವಿಬ್ರಿಯೋಗಳು ಬೇಕು. ಹಾಗೆಂದು ಸಮಾಧಾನಪಡುವಂತಿಲ್ಲ. ರೋಗಿಯೊಬ್ಬನ ಭೇದಿಯ ಒಂದೊಂದು ಮಿಲಿಲೀಟರಿನಲ್ಲೂ ಅಷ್ಟು ವಿಬ್ರಿಯೋಗಳು ಇರುತ್ತವೆ. ಅಪೌಷ್ಟಿಕತೆಯಿಂದ ಬಳಲುವ ಮಗುವಿಗೆ ಜಠರಾಮ್ಲದ ರಕ್ಷಣೆಯೂ ಕಡಿಮೆ.

ಲೆಪ್ಟೊಸ್ಪೈರಾ, ಲೀಜಿಯೊನೆಲ್ಲಾಗಳನ್ನು ನೀರಿನ ಬ್ಯಾಕ್ಟೀರಿಯಾಗಳೆಂದೇ ಎಣಿಸುವುದಾದರೂ ಅವುಗಳ ದಾರಿ ಬೇರೆ. ಕರಾವಳಿ, ಮಲೆನಾಡುಗಳಲ್ಲಿ ಇಲಿಜ್ವರವೆಂದು ಕರೆಯುವ ರೋಗ ಗದ್ದೆಯ ಕೆಸರಿನಿಂದ ಕಾಲಿನ ಗಾಯದ ಮೂಲಕ ಒಳಹೋಗುತ್ತದೆ. ಲೀಜಿಯೊನೆಲ್ಲಾ ಬೆಚ್ಚನೆಯ ನೀರಿನ ತುಂತುರಿನೊಡನೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಅರಿವು ಬೆಳೆದ ಬಗೆ

ಕೆಟ್ಟ ಗಾಳಿಯೇ ಕಾಲರಾಕ್ಕೆ ಕಾರಣವೆಂದು ಹತ್ತೊಂಬತ್ತನೆಯ ಶತಮಾನದ ವೈದ್ಯರು ನಂಬಿದ್ದರು. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ 600ಕ್ಕೂ ಹೆಚ್ಚು ಜನ ಸತ್ತಾಗ ಜಾನ್ ಸ್ನೋ ಎಂಬ ವೈದ್ಯ ಮನೆಮನೆ ಅಲೆದು, ಸತ್ತವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರು ಕುಡಿದವರೆಂದು ತೋರಿಸಿದ. ಪಂಪಿನ ಹಿಡಿಯನ್ನು ಸೆಪ್ಟೆಂಬರ್ 8ರಂದು ತೆಗೆಸಲಾಯಿತು. ಆ ನೀರಿಗೆ ಒಳ್ಳೆಯ ಹೆಸರಿತ್ತು. ಆ ಬಡಾವಣೆಯಿಂದ ದೂರ ಹೋಗಿ ನೆಲೆಸಿದ್ದ ಮಹಿಳೆಯೊಬ್ಬರು ರುಚಿಗಾಗಿಯೇ ಅಲ್ಲಿಂದ ನೀರು ತರಿಸಿ ಕುಡಿದು ಸತ್ತರು. ಪಂಪಿನ ಪಕ್ಕದ ಮನೆಯಲ್ಲಿ ಭೇದಿಯಾಗಿದ್ದ ಕೂಸಿನ ಬಟ್ಟೆ ಒಗೆದ ನೀರು ಅಲ್ಲಿನ ಮಲದ ಗುಂಡಿಗೆ ಬಿದ್ದು, ಗುಂಡಿಯ ಬಿರುಕಿನಿಂದ ಬಾವಿಗೆ ಜಿನುಗಿದ್ದು ನಂತರದ ತಪಾಸಣೆಯಲ್ಲಿ ಬಯಲಾಯಿತು.

ಅದೇ ವರ್ಷ ಫ್ಲಾರೆನ್ಸಿನಲ್ಲಿ ಫಿಲಿಪ್ಪೊ ಪಚೀನಿ ಸೂಕ್ಷ್ಮದರ್ಶಕದಲ್ಲಿ ವಿಬ್ರಿಯೋವನ್ನು ಕಂಡಿದ್ದ, ಆದರೆ ಯಾರೂ ಗಮನಿಸಲಿಲ್ಲ. 1884ರ ಮೊದಲ ತಿಂಗಳುಗಳಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಅದನ್ನು ಬೆಳೆಸಿ, ರೋಗ ಹಬ್ಬಿದ್ದ ಬಸ್ತಿಯ ಕೊಳದ ನೀರಿನಲ್ಲೂ ಪತ್ತೆಮಾಡಿದ. ಆ ಕೊಳದಲ್ಲೇ ಜನ ಸ್ನಾನ ಮಾಡುತ್ತಿದ್ದರು, ರೋಗಿಗಳ ಬಟ್ಟೆ ಒಗೆಯುತ್ತಿದ್ದರು, ಕುಡಿಯಲು ತುಂಬಿಕೊಳ್ಳುತ್ತಿದ್ದರು.

ಎಲ್ಲರ ಬಾಯಲ್ಲಿರುವುದು ಸ್ನೋನ ಕಥೆಯಾದರೂ, ನೀರು ಸರಬರಾಜಿನ ಕೆಲಸದವರಿಗೆ ಅದಕ್ಕಿಂತ ಹೆಚ್ಚಿನದನ್ನು ಕಲಿಸಿದ್ದು 1892ರ ಹ್ಯಾಂಬರ್ಗ್. ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಲ್ಬ್ ನದಿಯ ದಂಡೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಊರುಗಳು. ಹ್ಯಾಂಬರ್ಗ್ ಮೇಲ್ದಂಡೆಯಲ್ಲಿ ನೀರೆತ್ತಿ ಹಾಗೆಯೇ ಹಂಚುತ್ತಿತ್ತು. ಕೆಳದಂಡೆಯ ಆಲ್ಟೋನಾ ಎತ್ತುತ್ತಿದ್ದದ್ದು ಹ್ಯಾಂಬರ್ಗಿನ ಚರಂಡಿ ಸೇರಿದ ಮೇಲಿನ, ಇನ್ನೂ ಹೊಲಸಾದ ನೀರು. ಆದರೆ ಅದು ಮರಳಿನ ಸೋಸುತೊಟ್ಟಿಗಳಲ್ಲಿ ನಿಧಾನಕ್ಕೆ ಇಳಿದು ನಲ್ಲಿಗೆ ಹೋಗುತ್ತಿತ್ತು. ಕಾಲರಾ ಬಂದಾಗ ಹ್ಯಾಂಬರ್ಗಿನಲ್ಲಿ 8,600ರಷ್ಟು ಜನ ಸತ್ತರು, ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಎರಡೂ ಊರುಗಳ ಗಡಿಯಾದ ಬೀದಿಯಲ್ಲಿ ಒಂದು ಸಾಲಿನ ಮನೆಗಳಲ್ಲಿ ಹೆಣ ಬೀಳುತ್ತಿದ್ದರೆ ಎದುರು ಸಾಲು ಸುರಕ್ಷಿತವಾಗಿತ್ತು. ಗಾಳಿ, ನೆಲ, ಜನ ಎಲ್ಲವೂ ಒಂದೇ, ಕೊಳವೆ ಮಾತ್ರ ಬೇರೆ. ಗಾಳಿಯ ವಾದ ಅಲ್ಲಿಗೆ ನಿಂತುಹೋಯಿತು. ಮರುವರ್ಷವೇ ಹ್ಯಾಂಬರ್ಗ್ ತನ್ನ ಸೋಸುತೊಟ್ಟಿಗಳನ್ನು ಕಟ್ಟಿ ಮುಗಿಸಿತು.

ಮೂಲಗಳು ಕೆಡುವ ಬಗೆ

ಕೆರೆ ಎಲ್ಲಕ್ಕಿಂತ ತೆರೆದ ಮೂಲ. ಸುತ್ತಲ ಹೊಲ, ಬಯಲು, ಊರಿನ ಹರಿವೆಲ್ಲ ಬಂದು ಸೇರುವ ತಗ್ಗು ಅದು. ನೆಲದಡಿಯ ನೀರು ಸವುಳಾಗಿರುವ ಧಾರವಾಡ, ಗದಗ ಸೀಮೆಯ ಎರೆನಾಡಿನಲ್ಲಿ ಕುಡಿಯುವ ನೀರಿಗೆಂದೇ ಕೆರೆಯೊಂದನ್ನು ಮೀಸಲಿಟ್ಟು, ದನ ಇಳಿಸದಂತೆ, ಬಟ್ಟೆ ಒಗೆಯದಂತೆ ಕಟ್ಟುಪಾಡು ಮಾಡಿಕೊಂಡ ಹಳ್ಳಿಗಳಿವೆ. ಸೂಕ್ಷ್ಮಜೀವಿಯ ಹೆಸರು ಕೇಳದವರು ರೂಢಿಸಿಕೊಂಡ ಈ ಶಿಸ್ತು ಇಂದಿನ ಯಾವ ಜಲಮೂಲ ಸಂರಕ್ಷಣೆಯ ನಿಯಮಕ್ಕೂ ಕಡಿಮೆಯಲ್ಲ. ಅದು ಸಡಿಲವಾದ ಕಡೆ ಕೆರೆಗಳು ಬೇಗನೆ ಕೆಟ್ಟಿವೆ.

ಮೆಟ್ಟಿಲುಬಾವಿಯ ತೊಂದರೆ ಎಂದರೆ ನೀರು ತುಂಬಿಕೊಳ್ಳುವವರು ನೀರಿಗೇ ಇಳಿಯುವುದು. ನಾರುಹುಣ್ಣಿನ ಹುಳು, ಅದು ಬ್ಯಾಕ್ಟೀರಿಯಾ ಅಲ್ಲವಾದರೂ, ಉತ್ತರ ಕರ್ನಾಟಕ ಸೇರಿದಂತೆ ದೇಶದ ಹಲವೆಡೆ ಹಬ್ಬಿದ್ದು ಇಂಥ ಬಾವಿಗಳಿಂದಲೇ. ಮೆಟ್ಟಿಲುಬಾವಿಗಳನ್ನು ಮುಚ್ಚಿ, ಸೇದುವ ಬಾವಿಗಳಾಗಿ ಮಾರ್ಪಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವಂತೆ ಮಾಡಿದ ಕಾರ್ಯಕ್ರಮದಿಂದ 2000ದಲ್ಲಿ ಭಾರತ ನಾರುಹುಣ್ಣುಮುಕ್ತವೆಂದು ಪ್ರಮಾಣಿತವಾಯಿತು. ಔಷಧಿಯೂ ಲಸಿಕೆಯೂ ಇಲ್ಲದೆ, ನೀರಿನ ಮೂಲವನ್ನು ಸರಿಪಡಿಸಿಯೇ ಒಂದು ರೋಗವನ್ನು ದೇಶದಿಂದ ಓಡಿಸಿದ ಉದಾಹರಣೆ ಇದು.

ಸೇದುವ ಬಾವಿಗೆ ಹಳೆಯ ಆರೋಗ್ಯ ಕೈಪಿಡಿಗಳ ನಿಯಮ ಸರಳ: ಪಾಯಿಖಾನೆ ಗುಂಡಿ, ತಿಪ್ಪೆ, ಕೊಟ್ಟಿಗೆಗಳಿಂದ ಕನಿಷ್ಠ 15 ಮೀಟರ್ ದೂರ, ನೆಲಮಟ್ಟದಿಂದ 6 ಮೀಟರ್ ಆಳದವರೆಗೆ ನೀರು ಒಸರದ ಗೋಡೆ, ಮೇಲೆ ಮುಕ್ಕಾಲು ಮೀಟರಿನಷ್ಟು ಕಟ್ಟೆ, ಸುತ್ತ ಒಂದು ಮೀಟರ್ ಅಗಲದ ಹಾಸು, ಚೆಲ್ಲಿದ ನೀರು ಹರಿದುಹೋಗಲು ಕಾಲುವೆ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಹಿತ್ತಲಿಗೊಂದು ಬಾವಿ ಇರುವುದು ವಾಡಿಕೆ. ಹಿತ್ತಲು ದೊಡ್ಡದಿದ್ದಾಗ ಅಂತರ ತಾನಾಗಿಯೇ ಉಳಿಯುತ್ತಿತ್ತು. ಅದೇ ಜಾಗ ಐದು ಸೆಂಟ್ಸಿನ ನಿವೇಶನಗಳಾಗಿ ಒಡೆದ ಮೇಲೆ ಒಬ್ಬರ ಬಾವಿ, ಪಕ್ಕದವರ ಇಂಗುಗುಂಡಿ ಬೇಲಿಯ ಆಚೆ ಈಚೆ ಬರುತ್ತವೆ. ಅಲ್ಲಿಯ ಮುರಕಲ್ಲು ತೂತುತೂತಾದ ಕಲ್ಲು. ಮಣ್ಣಿನಂತೆ ನಿಧಾನಕ್ಕೆ ಸೋಸುವುದಿಲ್ಲ, ನೀರಿಗೆ ದಾರಿ ಬಿಟ್ಟುಕೊಡುತ್ತದೆ. ಆಷಾಢದ ಮಳೆಗೆ ಅಂತರ್ಜಲ ಮೇಲೇರಿ ಗುಂಡಿಯ ತಳ ಮುಟ್ಟಿತೆಂದರೆ ಎರಡೂ ನೀರು ಒಂದಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಕೊಳವೆಬಾವಿ ಆಳದ್ದಾದ್ದರಿಂದ ಸುರಕ್ಷಿತ ಎಂಬ ನಂಬಿಕೆ ಅರ್ಧ ಸತ್ಯ. ಮರಳು, ಮೆಕ್ಕಲು ಮಣ್ಣಿನ ಬಯಲಿನಲ್ಲಿ ನೀರು ಹತ್ತಾರು ಮೀಟರ್ ಇಳಿಯುವಷ್ಟರಲ್ಲಿ ಬ್ಯಾಕ್ಟೀರಿಯಾಗಳು ಕಣಗಳಿಗೆ ಅಂಟಿ, ಹಸಿದು, ಸಾಯುತ್ತವೆ. ಕರ್ನಾಟಕದ ಬಹುಭಾಗದ ನೆಲ ಅಂಥದ್ದಲ್ಲ. ಕೆಳಗಿರುವುದು ನೈಸ್, ಗ್ರಾನೈಟಿನಂಥ ಗಟ್ಟಿ ಬಂಡೆ. ಅಲ್ಲಿ ನೀರು ಓಡಾಡುವುದು ಬಿರುಕುಗಳಲ್ಲಿ, ಬಿರುಕು ಯಾವುದನ್ನೂ ಸೋಸುವುದಿಲ್ಲ. ಬೋರ್ ಕೊರೆಯುವಾಗ ಕೇಸಿಂಗ್ ಪೈಪನ್ನು ಗಟ್ಟಿ ಬಂಡೆಯವರೆಗೆ ಇಳಿಸಿ, ಪೈಪಿನ ಹೊರಗಿನ ಸಂದಿಗೆ ಸಿಮೆಂಟ್ ಗಾರೆ ತುಂಬಬೇಕು. ದುಡ್ಡು ಉಳಿಸಲು ಕೇಸಿಂಗ್ ಮೊಟಕುಮಾಡುವುದು, ಸಂದಿಗೆ ಬರಿಯ ಮಣ್ಣು ತಳ್ಳುವುದು ಸಾಮಾನ್ಯ. ಆಮೇಲೆ ಕೈಪಂಪಿನ ಕಟ್ಟೆ ಬಿರುಕುಬಿಟ್ಟು ಅದರ ಸುತ್ತ ಎಮ್ಮೆ ನಿಲ್ಲುವಂಥ ಕೆಸರಾಗುತ್ತದೆ, ಆ ಕೆಸರಿನ ನೀರು ಪೈಪಿನ ಗುಂಟ ಕೆಳಗಿಳಿಯುತ್ತದೆ. ಆಳದ ನೀರಿಗೆ ಮತ್ತೊಂದು ಬೆಲೆಯೂ ಉಂಟು. ಕೊಳದ ನೀರಿನ ಭೇದಿಯಿಂದ ಪಾರಾಗಲು ಬಾಂಗ್ಲಾದೇಶ ಕೊಳವೆಬಾವಿಗೆ ತಿರುಗಿ ಆರ್ಸೆನಿಕ್‌ಗೆ ಸಿಕ್ಕಿಕೊಂಡಿತು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯವರು ಫ್ಲೋರೈಡ್ ಕುಡಿದರು.

ವರ್ಷದಲ್ಲಿ ಅತಿ ಅಪಾಯದ ಕಾಲ ಮುಂಗಾರಿನ ಮೊದಲ ಮಳೆಗಳದ್ದು. ಬೇಸಿಗೆಯುದ್ದಕ್ಕೂ ಬಯಲಲ್ಲಿ, ಚರಂಡಿಯಲ್ಲಿ ಒಣಗಿ ಕೂತಿದ್ದದ್ದೆಲ್ಲ ರೋಹಿಣಿ, ಮೃಗಶಿರಾ ಮಳೆಗಳಿಗೆ ಒಮ್ಮೆಗೇ ತೊಳೆದುಬರುತ್ತದೆ. ಆಗ ಕೆರೆ, ಹೊಳೆಗಳಲ್ಲಿ ನೀರೂ ಕಡಿಮೆ.

ದಾರಿಯಲ್ಲಿ ಕೆಡುವುದು

ಮೂಲ ಶುದ್ಧವಿದ್ದು, ಶುದ್ಧೀಕರಣ ಘಟಕವೂ ಸರಿಯಿದ್ದು, ನಲ್ಲಿಯಲ್ಲಿ ಮಾತ್ರ ಹೊಲಸು ನೀರು ಬರುವುದು ನಮ್ಮ ನಗರಗಳ ವಿಶೇಷ ಸಂಕಟ. ಕಾರಣ, ಕೊಳವೆಗಳು ದಿನದ ಹೆಚ್ಚಿನ ಹೊತ್ತು ಖಾಲಿ ಇರುವುದು. ಒತ್ತಡದಲ್ಲಿ ನೀರು ತುಂಬಿ ಹರಿಯುವಾಗ ಬಿರುಕಿದ್ದರೂ ನೀರು ಹೊರಗೆ ಚಿಮ್ಮುತ್ತದೆಯೇ ಹೊರತು ಒಳಗೆ ಏನೂ ಬರುವುದಿಲ್ಲ. ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದ ಕೂಡಲೇ ಒತ್ತಡ ಇಳಿದು, ಕೊಳವೆಯ ಸುತ್ತ ನಿಂತ ಚರಂಡಿ ನೀರು ಅದೇ ಬಿರುಕಿನಿಂದ ಒಳಕ್ಕೆ ಹೋಗುತ್ತದೆ. ಮನೆಯ ಸಂಪರ್ಕದ ಜಿಐ ಪೈಪು ಬಹಳ ಕಡೆ ಚರಂಡಿಯ ಮೂಲಕವೇ ಹಾಯ್ದು ಬರುತ್ತದೆ. ತುಕ್ಕು ಹಿಡಿಯುವುದೂ ಅಲ್ಲಿಯೇ. ನೀರಿನ ರಭಸ ಸಾಲದ ಬೀದಿಗಳಲ್ಲಿ ಜನ ಮನೆಯ ಮುಂದೆ ಗುಂಡಿ ತೋಡಿ ಪೈಪನ್ನು ತಗ್ಗಿನಲ್ಲಿ ಕತ್ತರಿಸಿಕೊಳ್ಳುತ್ತಾರೆ. ಆ ಗುಂಡಿಯಲ್ಲಿ ಪಾತ್ರೆ ತೊಳೆದ ನೀರು ನಿಂತಿರುತ್ತದೆ, ನೀರು ನಿಂತಾಗ ಪೈಪಿನ ಬಾಯಿ ಅದರಲ್ಲೇ ಮುಳುಗಿರುತ್ತದೆ. ಉಳ್ಳವರು ನಲ್ಲಿಗೆ ಮೋಟರ್ ಇಟ್ಟು ಎಳೆದರೆ ಆ ಸೆಳೆತಕ್ಕೆ ಅಕ್ಕಪಕ್ಕದ ಹೊಲಸೂ ಕೊಳವೆಗೆ ಬರುತ್ತದೆ.

ಇದನ್ನು ಅಳೆದು ತೋರಿಸಿದ ಅಧ್ಯಯನ ನಡೆದದ್ದು ಹುಬ್ಬಳ್ಳಿ-ಧಾರವಾಡದಲ್ಲಿ. ಅವಳಿ ನಗರದ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ ದಿನದ 24 ಗಂಟೆಯೂ ನೀರು ಕೊಡಲಾಗುತ್ತಿತ್ತು, ಉಳಿದೆಡೆ ಹಲವು ದಿನಕ್ಕೊಮ್ಮೆ ನಳ ಬರುತ್ತಿತ್ತು. ಎರಡೂ ಕಡೆಯ ನಳಗಳಿಂದ ನೀರು ಹಿಡಿದು ಪರೀಕ್ಷಿಸಿದ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದಂತೆ, ನಿರಂತರ ನೀರಿನ ವಾರ್ಡುಗಳ ಮಾದರಿಗಳಲ್ಲಿ ಶೇ 0.7ರಲ್ಲಿ ಮಾತ್ರ ಇ. ಕೋಲಿ ಸಿಕ್ಕಿತು, ಬಿಟ್ಟುಬಿಟ್ಟು ನೀರು ಬರುವ ಕಡೆ ಶೇ 31.7ರಲ್ಲಿ. ಮಳೆಗಾಲದಲ್ಲಿ ಈ ಎರಡನೆಯ ಗುಂಪಿನ ನೀರು ಇನ್ನಷ್ಟು ಕೆಡುತ್ತಿತ್ತು. ನಳ ಬಂದ ಕೂಡಲೇ ಹರಿಯುವ ಮೊದಲ ನೀರು, ಮತ್ತು ಧಾರೆ ಸಣ್ಣಗಾದಾಗ ಬರುವ ನೀರು ಹೆಚ್ಚು ಹೊಲಸೆಂಬುದೂ ಅವರ ಮುಂದಿನ ಕೆಲಸದಿಂದ ತಿಳಿಯಿತು. ಮೊದಲ ಒಂದೆರಡು ಕೊಡವನ್ನು ಪಾತ್ರೆ, ಅಂಗಳ ತೊಳೆಯಲು ಬಿಟ್ಟು ಆಮೇಲೆ ಕುಡಿಯಲು ಹಿಡಿಯುವ ಮನೆವಾರ್ತೆಯ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ನೀರು ಕೊಡುವ ಹೊತ್ತು ಹೆಚ್ಚಿಸುವುದನ್ನು ಸೌಕರ್ಯದ ವಿಷಯವೆಂದೇ ಚರ್ಚಿಸುವುದು ರೂಢಿ. ಅದು ಮೊದಲು ಆರೋಗ್ಯದ ವಿಷಯ. 2022ರ ಬೇಸಿಗೆಯ ಕೊನೆಗೆ ಕೃಷ್ಣೆ, ತುಂಗಭದ್ರೆಗಳ ನಡುವಿನ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದ ಹಲವರು ಭೇದಿಯಿಂದ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಮತ್ತೆ ಸಾವುಗಳಾದವು. ಇಂಥ ಊರುಗಳಲ್ಲಿ ರೋಗ ಬಂದ ಮೇಲೆ ತೊಂಬೆ ತೊಳೆಯುತ್ತಾರೆ, ಪೈಪು ಬದಲಿಸುತ್ತಾರೆ. ಆ ಕೆಲಸ ಮೊದಲೇ ಆಗಬೇಕಿತ್ತೆಂದು ಬರೆಯುವಾಗ ಸಂಕಟವಾಗುತ್ತದೆ.

ಮನೆಯೊಳಗೆ

ಹುಬ್ಬಳ್ಳಿ-ಧಾರವಾಡದ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿತ್ತು: ಎರಡೂ ಬಗೆಯ ವಾರ್ಡುಗಳಲ್ಲಿ, ನಳದಲ್ಲಿ ಹಿಡಿದ ನೀರಿಗಿಂತ ಮನೆಯಲ್ಲಿ ತುಂಬಿಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚು. ಅಗಲ ಬಾಯಿಯ ಹಂಡೆಗೆ ಲೋಟ ಅದ್ದುವಾಗ ಬೆರಳುಗಳೂ ಅದ್ದುತ್ತವೆ. ಮಗುವಿನ ಕುಂಡೆ ತೊಳೆಸಿ ಬಂದ ಕೈ ಬರಿಯ ನೀರಿನಲ್ಲಿ ಅದ್ದಿ ತೆಗೆದದ್ದಾದರೆ ಅಷ್ಟು ಸಾಕು. ಬಾಯಿ ಕಿರಿದಾದ ಬಿಂದಿಗೆಯಿಂದ ಬಗ್ಗಿಸಿಕೊಳ್ಳುವುದು, ಉದ್ದ ಹಿಡಿಯ ಸೌಟು ಬಳಸುವುದು, ನಲ್ಲಿ ಕೂರಿಸಿದ ಡ್ರಮ್ಮು ಇಡುವುದು, ಇವು ಬಹಳ ಕಡಿಮೆ ಖರ್ಚಿನ ಉಪಾಯಗಳು. ಸಂಪು ಮತ್ತು ಮಾಳಿಗೆಯ ಟ್ಯಾಂಕು ನಗರದ ಮನೆಗಳ ಮರೆತ ಮೂಲೆಗಳು. ಸಂಪಿನ ಮುಚ್ಚಳ ಅಂಗಳದ ಮಟ್ಟಕ್ಕೇ ಇದ್ದರೆ ಮಳೆನೀರು ಒಳಗಿಳಿಯುತ್ತದೆ. ಒಳಚರಂಡಿಯ ಚೇಂಬರ್ ಪಕ್ಕದಲ್ಲೇ ಇದ್ದರೆ ಹೇಳುವುದೇ ಬೇಡ.

ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ ಆರ್‌ಒ ನೀರು ಫ್ಲೋರೈಡಿಗೆ ಒಳ್ಳೆಯ ಪರಿಹಾರ. ಯಂತ್ರದಿಂದ ಹೊರಬೀಳುವಾಗ ಅದರಲ್ಲಿ ಬ್ಯಾಕ್ಟೀರಿಯಾವೂ ಇರುವುದಿಲ್ಲ. ಆದರೆ ಅದರಲ್ಲಿ ಕ್ಲೋರಿನ್ನೂ ಇಲ್ಲ. ತಿಂಗಳುಗಟ್ಟಲೆ ತೊಳೆಯದ ಕ್ಯಾನಿಗೆ ಬಿದ್ದರೆ ಅಲ್ಲಿರುವ ಬ್ಯಾಕ್ಟೀರಿಯಾಗಳನ್ನು ತಡೆಯುವವರು ಯಾರೂ ಇರುವುದಿಲ್ಲ.

ಪರೀಕ್ಷೆ

ನೀರಿನಲ್ಲಿ ಒಂದೊಂದೇ ರೋಗಾಣುವನ್ನು ಹುಡುಕುವುದು ಕಷ್ಟದ, ದುಬಾರಿ ಕೆಲಸ. ರೋಗಿಗಳು ಕೆಲವರೇ ಇದ್ದಾಗ ರೋಗಾಣುವೂ ವಿರಳ. ಹೀಗಾಗಿ ಎಲ್ಲರ ಮಲದಲ್ಲೂ ಹೇರಳವಾಗಿರುವ ಬ್ಯಾಕ್ಟೀರಿಯಾವೊಂದನ್ನು ಹುಡುಕಿ, ಅದಿದ್ದರೆ ಮಲ ಸೇರಿದೆ, ರೋಗಾಣುವೂ ಬರಬಹುದು ಎಂದು ತಿಳಿಯುತ್ತಾರೆ. ಜರ್ಮನಿಯ ಮಕ್ಕಳ ವೈದ್ಯ ಥಿಯೋಡೋರ್ ಎಷರಿಷ್ 1885ರಲ್ಲಿ ವಿವರಿಸಿದ ಇ. ಕೋಲಿಗೆ ಈ ಸೂಚಕನ ಪಾತ್ರ ಬಂದದ್ದು ಹಾಗೆ. ಕೋಲಿಫಾರ್ಮ್ ಎಂಬ ದೊಡ್ಡ ಗುಂಪಿನಲ್ಲಿ ಮಣ್ಣಿನ ಜೀವಿಗಳೂ ಸೇರಿರುವುದರಿಂದ ಅದರ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ.

ಮಾದರಿ ಹಿಡಿಯುವುದರಲ್ಲೇ ಅರ್ಧ ಪರೀಕ್ಷೆ ಇದೆ. ನಲ್ಲಿಯ ಬಾಯನ್ನು ಸ್ಪಿರಿಟ್ಟಿನ ಬೆಂಕಿಯಿಂದ ಸುಟ್ಟು, ಒಂದೆರಡು ನಿಮಿಷ ನೀರು ಹರಿಯಬಿಟ್ಟು, ಮುಚ್ಚಳದ ಒಳಮೈಗೆ ಕೈ ತಗಲಿಸದೆ, ಕ್ರಿಮಿಶುದ್ಧ ಬಾಟಲಿಗೆ ಹಿಡಿಯಬೇಕು. ಬಾಟಲಿಯಲ್ಲಿ ಮೊದಲೇ ಚಿಟಿಕೆ ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ಇಲ್ಲದಿದ್ದರೆ ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತ ಹೋಗಿ ವರದಿ ಸುಳ್ಳಾಗುತ್ತದೆ. ಬಾಟಲಿಯನ್ನು ಐಸಿನಲ್ಲಿಟ್ಟು ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಅಲ್ಲಿ ಹಳೆಯ ಬಹುನಳಿಕೆ ವಿಧಾನದಲ್ಲಿ ನೇರಳೆ ಬಣ್ಣದ ಮ್ಯಾಕಾಂಕಿ ಸಾರು ತುಂಬಿದ ನಳಿಕೆಗಳಿಗೆ ನೀರು ಹಾಕಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 48 ಗಂಟೆವರೆಗೆ ಇಡುತ್ತಾರೆ. ಕೋಲಿಫಾರ್ಮ್ ಇದ್ದರೆ ನೇರಳೆ ಹಳದಿಯಾಗುತ್ತದೆ, ಒಳಗೆ ತಲೆಕೆಳಗಾಗಿ ಮುಳುಗಿಸಿದ ಕಿರುನಳಿಕೆಯ ನೆತ್ತಿಯಲ್ಲಿ ಗಾಳಿಗುಳ್ಳೆ ನಿಲ್ಲುತ್ತದೆ. ಆ ನಳಿಕೆಗಳಿಂದ ಮತ್ತೆ 44 ಡಿಗ್ರಿಯಲ್ಲಿ ಬೆಳೆಸಿ ಇ. ಕೋಲಿಯನ್ನು ಬೇರ್ಪಡಿಸುತ್ತಾರೆ. 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ ನೀರು ಸೋಸಿ, ಪೊರೆಯ ಮೇಲೆ ಮೂಡಿದ ಚುಕ್ಕೆಗಳನ್ನು ಎಣಿಸುವುದು ಮತ್ತೊಂದು ಕ್ರಮ.

ಪ್ರಯೋಗಾಲಯ ದೂರವಿರುವ ಹಳ್ಳಿಗೆ ಹೊಂದುವ ಪರೀಕ್ಷೆಯನ್ನು 1982ರಲ್ಲಿ ರೂಪಿಸಿದವರು ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಂಜ, ಮೌರ್ಯ ಮತ್ತು ರಾವ್. ಔಷಧ ಸವರಿದ ಕಾಗದದ ಪಟ್ಟಿಯಿರುವ ಸೀಸೆಗೆ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಬ್ಯಾಕ್ಟೀರಿಯಾಗಳಿದ್ದಲ್ಲಿ ಹೈಡ್ರೊಜನ್ ಸಲ್ಫೈಡ್ ಹುಟ್ಟಿ ಒಂದೆರಡು ದಿನದೊಳಗೆ ನೀರು ಕಪ್ಪಾಗುತ್ತದೆ. ಇದು ಎಣಿಕೆ ಕೊಡುವುದಿಲ್ಲ, ಕೆಲವೊಮ್ಮೆ ತಪ್ಪು ಎಚ್ಚರಿಕೆಯನ್ನೂ ಕೊಡುತ್ತದೆ. ಆದರೂ ತಮ್ಮ ಬಾವಿಯ ನೀರು ಕಣ್ಣೆದುರೇ ಕಪ್ಪಾಗುವುದನ್ನು ನೋಡಿದವರಿಗೆ ಬೇರೆ ಭಾಷಣ ಬೇಕಾಗುವುದಿಲ್ಲ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ಸ್ಥಳದಲ್ಲೇ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದು ಗೊತ್ತುಮಾಡಿದೆ.

ಶುದ್ಧೀಕರಣ

ನಿಧಾನ ಮರಳುಸೋಸಿಕೆಯನ್ನು ಲಂಡನ್ನಿನ ಚೆಲ್ಸಿ ನೀರು ಕಂಪನಿಗಾಗಿ ಜೇಮ್ಸ್ ಸಿಂಪ್ಸನ್ 1829ರಲ್ಲಿ ಕಟ್ಟಿದ. ಬ್ಯಾಕ್ಟೀರಿಯಾ ರೋಗ ತರುತ್ತದೆಂಬ ಅರಿವು ಆಗಿನ್ನೂ ಇರಲಿಲ್ಲ. ಮರಳಿನ ಮೇಲ್ಮೈಯಲ್ಲಿ ಕೆಲವು ದಿನಗಳಲ್ಲಿ ಪಾಚಿ, ಆದಿಜೀವಿಗಳ ಲೋಳೆಯ ಪದರವೊಂದು ಬೆಳೆಯುತ್ತದೆ. ಬ್ಯಾಕ್ಟೀರಿಯಾಗಳನ್ನು ಹಿಡಿದು ತಿನ್ನುವುದು ಮುಖ್ಯವಾಗಿ ಆ ಪದರವೇ. ಬೆಂಗಳೂರಿಗೆ ಕೊಳವೆ ನೀರು ಬಂದದ್ದು 1896ರಲ್ಲಿ, ಹೆಸರಘಟ್ಟ ಕೆರೆಯಿಂದ. ಧರ್ಮಾಂಬುಧಿ, ಸಂಪಂಗಿ ಮೊದಲಾದ ಊರೊಳಗಿನ ಕೆರೆ, ಬಾವಿಗಳನ್ನೇ ನೆಚ್ಚಿದ್ದ ಊರು ಹೊರಗಿನ ನೀರಿಗೆ ತಿರುಗಿದ್ದು ಆಗ. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಸೇರಿಕೊಂಡವು.

ಕ್ಲೋರಿನ್ನನ್ನು ಊರಿನ ನೀರಿಗೆ ನಿರಂತರವಾಗಿ ಬೆರೆಸುವುದು ಅಮೆರಿಕದಲ್ಲಿ 1908ರಲ್ಲಿ ಜರ್ಸಿ ಸಿಟಿಗಾಗಿ ಜಾನ್ ಲೀಲ್ ಎಂಬ ವೈದ್ಯನಿಂದ ಮೊದಲಾಯಿತು. ಕ್ಲೋರಿನ್ನಿನ ದೊಡ್ಡ ಗುಣ, ಕೊಂದ ಮೇಲೂ ನೀರಿನಲ್ಲಿ ಸ್ವಲ್ಪ ಉಳಿದು ಕಾವಲಿರುವುದು. ನಲ್ಲಿಯ ತುದಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕೆಂಬುದು ನಮ್ಮ ಮಾನಕ. ಡಿಪಿಡಿ ಮಾತ್ರೆ ಹಾಕಿದಾಗ ನೀರು ಗುಲಾಬಿಯಾದರೆ ಕ್ಲೋರಿನ್ ಉಂಟು, ಬಣ್ಣ ಏರದಿದ್ದರೆ ಕಾವಲು ತೀರಿತು ಎಂದರ್ಥ. ನೀರು ಕದಡಿದ್ದರೆ ಕ್ಲೋರಿನ್ ಕೆಸರಿಗೇ ಖರ್ಚಾಗುತ್ತದೆ, ಕಣಗಳೊಳಗೆ ಅಡಗಿದ ಬ್ಯಾಕ್ಟೀರಿಯಾ ಬದುಕುತ್ತದೆ. ಪಿಎಚ್ 8 ದಾಟಿದರೆ ಅದರ ಕೊಲ್ಲುವ ಶಕ್ತಿ ಬಹಳ ಕುಗ್ಗುತ್ತದೆ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಕೆಲಸ ಹಳ್ಳಿಗಳಲ್ಲಿ ಪುಡಿಯನ್ನು ಮೇಲಿಂದ ಎರಚುವುದರಲ್ಲಿ ಮುಗಿಯುತ್ತದೆ. ಅದು ಕ್ರಮವಲ್ಲ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪೌಡರ್ ಬೇಕು. 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು 28,000 ಲೀಟರ್, ಎಂದರೆ 70 ಗ್ರಾಂ ಪೌಡರ್. ಅದನ್ನು ಬಕೆಟ್ಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ನೀರು ಬೆರೆಸಿ, ಸುಣ್ಣ ತಳಕ್ಕೆ ಕೂರುವವರೆಗೆ ಐದು ಹತ್ತು ನಿಮಿಷ ಬಿಡಬೇಕು. ಮೇಲಿನ ತಿಳಿಯನ್ನಷ್ಟೇ ಬೇರೆ ಬಕೆಟ್ಟಿಗೆ ಬಗ್ಗಿಸಿ, ಬಾವಿಯ ನೀರಿನೊಳಕ್ಕೆ ಇಳಿಸಿ, ಹಗ್ಗವನ್ನು ಮೇಲೆ ಕೆಳಗೆ ಆಡಿಸಿ ಕಲಕಬೇಕು. ಒಂದು ಗಂಟೆಯಾದರೂ ಯಾರೂ ಸೇದಬಾರದು. ರಾತ್ರಿ ಹಾಕಿದರೆ ಇನ್ನೂ ಒಳ್ಳೆಯದು. ತೆರೆದ ಚೀಲದಲ್ಲಿ ತೇವ ಹೀರಿದ ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿ ಬರಿಯ ಸುಣ್ಣವೇ ಉಳಿದಿರುತ್ತದೆ.

ಮನೆಯ ಮಟ್ಟದಲ್ಲಿ ಕುದಿಸುವುದಕ್ಕೆ ಸಾಟಿಯಿಲ್ಲ. ಕೊತಕೊತ ಒಂದು ನಿಮಿಷ ಕುದಿದರೆ ರೋಗ ತರುವ ಬ್ಯಾಕ್ಟೀರಿಯಾಗಳೆಲ್ಲ ಸಾಯುತ್ತವೆ. ಸೌದೆ, ಗ್ಯಾಸಿನ ಖರ್ಚೇ ಅಡ್ಡಿ. ಬಾಂಗ್ಲಾದೇಶದ ಮತ್ಲಬ್‌ನಲ್ಲಿ ರೀಟಾ ಕೊಲ್ವೆಲ್ ಮತ್ತು ಸಂಗಡಿಗರು, ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಶೇ 48ರಷ್ಟು ತಗ್ಗಿತೆಂದು 2003ರಲ್ಲಿ ವರದಿ ಮಾಡಿದರು. ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ನಿಲ್ಲುವಷ್ಟು ದೊಡ್ಡದಲ್ಲ. ಆದರೆ ವಿಬ್ರಿಯೋ ಅಂಟಿಕೊಂಡು ಬದುಕುವ ಸಣ್ಣ ಜಲಜೀವಿಗಳು ನಿಲ್ಲುತ್ತವೆ. ಈ ಫಲ ಕಾಲರಾಕ್ಕೆ ಸೀಮಿತ, ಟೈಫಾಯ್ಡಿಗೆ ಇದನ್ನು ನಂಬುವಂತಿಲ್ಲ. ತಾಮ್ರದ ಪಾತ್ರೆಯ ವಿಷಯದಲ್ಲಿ ಬೆಂಗಳೂರಿನ ಆಯುರ್ವೇದ ಮತ್ತು ಸಮನ್ವಯ ವೈದ್ಯಕೀಯ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವಿದೆ: ಬೇಕೆಂದೇ ರೋಗಾಣು ಬೆರೆಸಿದ ನೀರನ್ನು ತಾಮ್ರದ ಬಿಂದಿಗೆಯಲ್ಲಿ 16 ಗಂಟೆ ಇಟ್ಟ ಮೇಲೆ ಆ ಬ್ಯಾಕ್ಟೀರಿಯಾಗಳು ಬೆಳೆಯಲಿಲ್ಲ, ನೀರಿಗೆ ಇಳಿದ ತಾಮ್ರವೂ ಮಿತಿಯೊಳಗಿತ್ತು. ರಾತ್ರಿ ತುಂಬಿಟ್ಟು ಬೆಳಿಗ್ಗೆ ಕುಡಿಯುವ ರೂಢಿಗೆ ಇದು ಹತ್ತಿರವೇ ಆದರೂ, ಆಗಷ್ಟೇ ತುಂಬಿದ ತಾಮ್ರದ ಚೊಂಬಿಗೆ ಆ ಶಕ್ತಿ ಇಲ್ಲ.

ಕಾವಲು ತಪ್ಪಿದಾಗ

ಶ್ರೀಮಂತ ದೇಶಗಳಿಗೆ ಇದರ ಭಯವಿಲ್ಲವೆಂದು ಎಣಿಸಬಾರದು. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ಭಾರಿ ಮಳೆಗೆ ಹೊಲದ ದನದ ಗೊಬ್ಬರ ಆಳವಿಲ್ಲದ ಬಾವಿಗೆ ಇಳಿದು, ಓ157:ಎಚ್7 ಮತ್ತು ಕ್ಯಾಂಪಿಲೋಬ್ಯಾಕ್ಟರ್ ಊರಿನ ನಲ್ಲಿಗಳಿಗೆ ಹೋದವು. 7 ಜನ ಸತ್ತರು, ಸುಮಾರು 2,300 ಮಂದಿ ಮಲಗಿದರು. ಕ್ಲೋರಿನ್ ಪ್ರಮಾಣವನ್ನು ಅಳೆಯಬೇಕಿದ್ದವರು ಅಳೆಯದೆ ಪುಸ್ತಕದಲ್ಲಿ ಅಂಕಿ ಬರೆಯುತ್ತ ಬಂದಿದ್ದರೆಂದು ನ್ಯಾಯಾಂಗ ವಿಚಾರಣೆಯಲ್ಲಿ ಹೊರಬಿತ್ತು. ಗೊಬ್ಬರ ಹಾಕಿದ ರೈತನದು ತಪ್ಪಿಲ್ಲವೆಂದೂ ವಿಚಾರಣೆ ಹೇಳಿತು.

ಬ್ಯಾಕ್ಟೀರಿಯಾ ಪರೀಕ್ಷೆಯ ಮಿತಿಯನ್ನು ತೋರಿಸಿದ್ದು ದೆಹಲಿ. 1955ರ ಕೊನೆಯಲ್ಲಿ ನಜಫ್‌ಗಢ ನಾಲೆಯ ಕೊಳಚೆ ಯಮುನೆಯಲ್ಲಿ ಹಿಂದೆ ಸರಿದು ವಜೀರಾಬಾದಿನ ನೀರೆತ್ತುವ ಜಾಗ ಸೇರಿತು. ಘಟಕದವರು ಗಮನಿಸಿ ಕ್ಲೋರಿನ್ ಹೆಚ್ಚಿಸಿದರು. ಟೈಫಾಯ್ಡ್, ಭೇದಿ ಏರಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ನಗರದ 29,000ಕ್ಕೂ ಹೆಚ್ಚು ಜನರಿಗೆ ಕಾಮಾಲೆಯಾಯಿತು. ಅದು ಹೆಪಟೈಟಿಸ್ ಇ ವೈರಸ್ಸಿನ ಕೆಲಸವೆಂದು ತೀರ್ಮಾನವಾದದ್ದು ದಶಕಗಳ ನಂತರ. ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟು ಕ್ಲೋರಿನ್ ವೈರಸ್ಸಿಗೆ ಸಾಲದೆ ಹೋಗಬಹುದು. ಮಲವನ್ನು ದೂರವಿಡುವ ಬದಲು ಬೆರೆತ ಮೇಲೆ ಕೊಲ್ಲುತ್ತೇವೆಂದು ಹೊರಟರೆ ಹೀಗಾಗುತ್ತದೆ.

ಅದೇ ನಗರದ ನೀರಿನ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಲವಾದ ಆಂಟಿಬಯಾಟಿಕ್‌ಗಳನ್ನೂ ಮುರಿಯುವ ಎನ್‌ಡಿಎಂ-1 ವಂಶವಾಹಿ ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ, ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಸಿಕ್ಕಿತು. ಆಸ್ಪತ್ರೆಯೊಳಗಿನ ತೊಂದರೆಯೆಂದು ತಿಳಿದಿದ್ದದ್ದು ಬೀದಿಯ ನೀರಿನಲ್ಲೂ ಓಡಾಡುತ್ತಿತ್ತು. ಇಂಥ ವಂಶವಾಹಿಗಳನ್ನು ಹುಡುಕುವುದು ಕುಡಿಯುವ ನೀರಿನ ನಿತ್ಯದ ತಪಾಸಣೆಯಲ್ಲಿ ಸೇರಿಲ್ಲ.